ಸಾನ್ ಲೊರೆನ್ಸೊಗೆ ಬಂದ ಗಂಡ

ಕಾಂಡ್ಲಾ ಕಾಡಿನ ಕೆಸರಲ್ಲಿ ಚಿಪ್ಪಿಕಲ್ಲು ಆರಿಸಿಕೊಂಡು ಕ್ಲೋತಿಲ್ದೆ ದೋಣಿಯಿಂದ ಇಳಿಯುವಾಗ, ಅಂಗಡಿಯ ದೋನ್ ಹಸಿಂತೊ ದಂಡೆಯಲ್ಲೇ ಕಾದು ನಿಂತಿದ್ದ. ಆಗ ನಮ್ಮೂರು ಸಾನ್ ಲೊರೆನ್ಸೊದಲ್ಲಿ ನಮ್ಮ ಓಣಿಗೆಲ್ಲ ಅವನ ಅಂಗಡಿಯದೊಂದೇ ಫೋನು.

"ನಿನ್ನ ಗಂಡ ಫೋನ್ ಮಾಡಿದ್ದ ಕಣಮ್ಮ. 'ಬೆಳಿಗ್ಗೆ ಸಾನ್ ಲೊರೆನ್ಸೊ ತಲುಪಿದೀವಿ, ಆರಾಮಾಗಿದೀನಿ, ಹೇಳಿಬಿಡಿ' ಅಂದ. ಅಷ್ಟರಲ್ಲಿ ಲೈನು ಕಟ್ಟಾಯ್ತು."

ಎಲಿಯೆಸೆರ್ ಸರಕು ಹಡಗಿನಲ್ಲಿ ಅಡುಗೆಯವನು. ಕಳೆದ ಕ್ರಿಸ್‌ಮಸ್‌ಗೆ ಮುಂಚೆ ಹೋದವನಿಂದ ಎಷ್ಟೋ ತಿಂಗಳು ಸುದ್ದಿಯೇ ಇರಲಿಲ್ಲ. ಕ್ಲೋತಿಲ್ದೆ ಬುಟ್ಟಿ ಅಲ್ಲೇ ಬಿಟ್ಟು ಮನೆಗೆ ಓಡಿದಳು. ಅತ್ತೆ ಪೆತಿತಾ ಮಗ ಬಂದನೆಂದು ತೆಂಗಿನಕಾಯಿ ತುರಿಯಲು ಕೂತಳು. ಕಾಯಿಹಾಲಿನಲ್ಲಿ ಮೀನು ಬೆಂದು ಆರಿ ತಣ್ಣಗಾಯಿತು. ಹೊತ್ತು ನೆತ್ತಿ ದಾಟಿದರೂ ಅವನು ಬರಲಿಲ್ಲ.

ಬೇಲಿಯಾಚೆಯಿಂದ ಪಕ್ಕದ ಮನೆಯ ಮಿರ್ತಾ ಕೇಳಿದಳು. "ಬೆಳಿಗ್ಗೆ ಬಂದವನು ಇನ್ನೂ ಮನೆ ಸೇರಿಲ್ವಾ? ದಾರಿ ತಪ್ಪೋಕೆ ನಮ್ಮೂರೇನು ಗುವಾಯಾಕಿಲ್‌ನಷ್ಟು ದೊಡ್ಡ ಪಟ್ಟಣಾನಾ? ನಡುವೆ ಯಾರದೋ ಬಾಗಿಲು ತೆಗೆದಿತ್ತು ಅನ್ಸುತ್ತೆ."

ಯಾರ ಬಾಗಿಲು ಅಂತ ಊರಿಗೇ ಗೊತ್ತು. ಹಳೇ ರೈಲು ನಿಲ್ದಾಣದ ಹಿಂದೆ ಊಟದ ಅಂಗಡಿ ನಡೆಸುವ ರೋಸೌರಾ. ಎಲಿಯೆಸೆರ್‌ಗೆ ಮೊದಲು ಮದುವೆ ಮಾತಾಗಿದ್ದು ಅವಳ ಜೊತೆಗೇ. ಈ ಇಬ್ಬರು ಹೆಂಗಸರು ಎದುರಾದರೆ ಒಬ್ಬರು ರಸ್ತೆ ದಾಟುತ್ತಿದ್ದರು.

ಕ್ಲೋತಿಲ್ದೆ ಮೊದಲು ಬಂದರಿಗೆ ಹೋದಳು. ವಾರದಿಂದ ಒಂದೂ ಹಡಗು ಬಂದಿಲ್ಲ ಅಂದ ಕಾವಲುಗಾರ. ಹಾಗಾದರೆ ದೊಡ್ಡ ಬಂದರು ಎಸ್ಮೆರಾಲ್ದಾಸ್‌ನಲ್ಲೇ ಇಳಿದು ಬಸ್ಸಿಗೆ ಬಂದಿದ್ದಾನೆ ಎಂದುಕೊಂಡಳು. ಯಾರ ಕಣ್ಣಿಗೂ ಬೀಳದ ಹಾಗೆ. ಬರಿಗಾಲಲ್ಲೇ ರೋಸೌರಾಳ ಅಡುಗೆಮನೆಗೆ ನುಗ್ಗಿದಳು.

"ಎಲ್ಲಿ ಅವನು?"

ರೋಸೌರಾ ಸೌಟು ಕೆಳಗಿಟ್ಟಳು. "ಯಾರು?"

"ನಾಟಕ ಬೇಡ. ಊರಿಗೆ ಬಂದಿದಾನಂತೆ."

"ಬಂದಿದ್ರೆ ನಾನೇ ಕಿವಿ ಹಿಡ್ಕೊಂಡು ನಿನ್ನ ಮನೆಗೆ ಬಿಟ್ಟು ಬರ್ತಿದ್ದೆ. ಹುಡುಕು ಬೇಕಾದ್ರೆ. ಮಂಚದ ಕೆಳಗೂ ನೋಡು, ಕಸ ಇದ್ರೆ ಗುಡಿಸಿಬಿಡು."

ಕ್ಲೋತಿಲ್ದೆ ನಿಜವಾಗಿಯೂ ಹುಡುಕಿದಳು. ಮಂಚದ ಕೆಳಗೆ ಈರುಳ್ಳಿ ಮಾತ್ರ ಇತ್ತು. ಮೊಣಕಾಲೂರಿದ್ದಲ್ಲೇ ಅಳತೊಡಗಿದಳು.

ರೋಸೌರಾ ಅವಳ ತೋಳು ಹಿಡಿದು, "ಏಳು ಮಾರಾಯ್ತಿ. ಅವನು ಸುಳ್ಳು ಹೇಳೋಕೆ ಬರದೇ ಇರೋನು. ಅದಕ್ಕೇ ಅಲ್ವಾ, ನೀನು ಇಷ್ಟ ಅಂತ ನನ್ನ ಮುಖಕ್ಕೇ ಹೇಳಿದ್ದು? ಏನೋ ಎಡವಟ್ಟಾಗಿದೆ. ನಡಿ, ಹಸಿಂತೊನ್ನ ಕೇಳೋಣ" ಅಂದಳು.

ಅವರು ಅಂಗಡಿ ಮೆಟ್ಟಿಲು ಹತ್ತುವಾಗಲೇ ಫೋನು ಹೊಡೆದುಕೊಂಡಿತು. ಹಸಿಂತೊ ಎತ್ತಿ, ಎಲಿಯೆಸೆರ್ ಎಂದು ಅವಳ ಕೈಗೆ ಕೊಟ್ಟ.

"ಕ್ಲೋತಿಲ್ದೆ? ಅಬ್ಬ, ಸಿಕ್ಕಿದೆಯಲ್ಲ. ಚಳಿಗೆ ಇಲ್ಲಿ ಹಲ್ಲು ಕಟಕಟ ಅಂತಿದೆ ಕಣೆ."

"ಚಳಿ? ಇಲ್ಲಿ ಸೆಖೆಗೆ ಜನ ಬೇಯ್ತಿದಾರೆ. ಎಲ್ಲಿದೀಯ ನೀನು?"

"ಸಾನ್ ಲೊರೆನ್ಸೊ ಅಂದ್ನಲ್ಲ."

"ಸಾನ್ ಲೊರೆನ್ಸೊದಲ್ಲಿ ಯಾರ ಮನೇಲಿ?"

"ಮನೆ ಎಲ್ಲಿ ಬಂತು? ಹಡಗಲ್ಲಿ. ಅರ್ಜೆಂಟೀನಾ ಕಣೆ, ಇಲ್ಲೂ ಒಂದು ಸಾನ್ ಲೊರೆನ್ಸೊ ಇದೆ, ನದಿ ದಂಡೇಲಿ. ಸೋಯಾ ತುಂಬ್ತಿದಾರೆ. ಹೊಂಡುರಾಸಿನವನೊಬ್ಬ ಇದಾನೆ ನಮ್ಮಲ್ಲಿ, ಅವನೂರೂ ಸಾನ್ ಲೊರೆನ್ಸೊನೇ, ಅದೂ ಬಂದರೇ. ಅಸಲಿ ಯಾವುದು ಅಂತ ಬೆಳಿಗ್ಗೆಯಿಂದ ಜಗಳ ಆಡ್ತಿದೀವಿ."

ಕ್ಲೋತಿಲ್ದೆ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟಳು. ನಗುವೂ ಅಳುವೂ ಒಟ್ಟಿಗೇ ಬಂದವು.

"ಯಾಕೆ ಅಳ್ತಿದೀಯ?"

"ನೀನು ಅಷ್ಟು ದೂರ ಇದೀಯಲ್ಲ ಅಂತ ಖುಷಿಗೆ."

ಅವನಿಗೆ ಏನೂ ಅರ್ಥವಾಗಲಿಲ್ಲ. ನವೆಂಬರಿಗೆ ಕರಾರು ಮುಗಿಯುತ್ತೆ, ನೇರ ಮನೆಗೇ ಬರ್ತೀನಿ ಅಂದ. ರೋಸೌರಾ ಫೋನು ಕಸಿದುಕೊಂಡಳು. "ಇನ್ಮೇಲೆ ಮೊದಲು ದೇಶದ ಹೆಸರು ಹೇಳಪ್ಪ, ಆಮೇಲೆ ಊರು."

"ಇದ್ಯಾರು?"

"ರೋಸೌರಾ."

ಅಷ್ಟು ಹೇಳಿ ಅವಳು ಫೋನು ಇಟ್ಟುಬಿಟ್ಟಳು.

ಹೊರಗೆ ಬಂದಾಗ ಅಳಿವೆಯ ಗಾಳಿ ಏಳುತ್ತಿತ್ತು. ಕ್ಲೋತಿಲ್ದೆ ತಪ್ಪಾಯಿತೆಂದು ಹೇಳಲು ಬಾಯಿ ತೆರೆದಳು.

"ಬಿಡು," ಅಂದಳು ರೋಸೌರಾ. "ಒಲೆ ಮೇಲೆ ಸಾರು ಬಿಟ್ಟು ಬಂದಿದೀನಿ. ತಳ ಹತ್ತಿದ್ರೆ ನೀನೇ ಉಜ್ಜಬೇಕು. ಬೇಗ ನಡಿ."

ಇಬ್ಬರೂ ನಿಲ್ದಾಣದ ಕಡೆಗೆ ಬಿರಬಿರನೆ ನಡೆದರು.