ಬೆಟ್ಟದ ದಾರಿಗೆ ಮೂರು ಬಣ್ಣ

ನಮ್ಮ ಮಂಡಿಕಲ್ ಕಡೆ ಹೊಲದ ಬದುವಿನಲ್ಲಿ ಬಣ್ಣ ಬಳಿದ ಕಲ್ಲು ಕಂಡರೆ ಅವತ್ತು ಯಾರಿಗೂ ಊಟ ಸೇರುವುದಿಲ್ಲ. ರಸ್ತೆಗೋ ಕಾರ್ಖಾನೆಗೋ ಸರ್ವೆ ಆಯಿತು, ಜಮೀನು ಹೋಯಿತು ಎಂದೇ ಅರ್ಥ. ಪೆರೇಸಂದ್ರದ ಟೀ ಅಂಗಡಿಯಲ್ಲಿ ಹುಟ್ಟಿದ ಸುದ್ದಿ ನಮ್ಮೂರು ಮುಟ್ಟುವಷ್ಟರಲ್ಲಿ ಅರ್ಧ ಊರೇ ಹೋಗಿರುತ್ತದೆ.

ಹಾಗಾಗಿ ಆ ಶನಿವಾರ ಬೆಳಿಗ್ಗೆ ಬೆಟ್ಟದ ಬುಡದ ತಮ್ಮ ಅವರೆ ಹೊಲದ ಮೂಲೆಯಲ್ಲಿ ಜೋಡಿ ಕಲ್ಲು ಕಂಡಾಗ ಪಿಳ್ಳಪ್ಪನವರು ಯಾರನ್ನೂ ಕೇಳಲಿಲ್ಲ. ಒಂದಕ್ಕೆ ಹಸಿರು ಬಣ್ಣ, ಇನ್ನೊಂದಕ್ಕೆ ಕಪ್ಪು. ಹಾರೆ ತಂದು ಎರಡನ್ನೂ ಕಿತ್ತು ಹಳ್ಳಕ್ಕೆ ಉರುಳಿಸಿದರು. ಸಾಲದ್ದಕ್ಕೆ, ಆಡು ಕುರಿ ನುಗ್ಗದಂತೆ ಹೊಲಕ್ಕೆ ಹಾಕುವ ಜಾಲಿ ಮುಳ್ಳಿನ ಕಂಪೆಯನ್ನು ಅಲ್ಲಿ ಕವಲೊಡೆಯುವ ಕುರಿ ದಾರಿಗಳಲ್ಲಿ ಹೊಲಕ್ಕೆ ತಾಗಿದ ಎಡಗಡೆಯದಕ್ಕೆ ಅಡ್ಡ ಎಳೆದರು. ಮನೆಗೆ ಬಂದು ಮುದ್ದೆ ಉಂಡರು. ಜಮೀನು ಉಳಿಸಿದ ಖುಷಿಯಲ್ಲಿ ಇನ್ನೊಂದು ಮುದ್ದೆಯನ್ನೂ ಹಾಕಿಸಿಕೊಂಡರು.

ಪಾಪ, ಅದು ಸರ್ವೆ ಕಲ್ಲಲ್ಲ. ಊರ ಬೆಟ್ಟದ ಸೈಕಲ್ ದಾರಿಯ ಗುರುತಿನ ಕಲ್ಲು. ಅರಣ್ಯದವರ ಒಪ್ಪಿಗೆ ಪಡೆದು ನಮ್ಮ ಸ್ತ್ರೀಶಕ್ತಿ ಸಂಘದವರೂ ಊರ ಹುಡುಗರೂ ಸೇರಿ ಹಳೆಯ ಕುರಿ ದಾರಿಗಳನ್ನೇ ಸವರಿ, ನೀಲಗಿರಿ ತೋಪಿನ ನಡುವೆ, ಬಂಡೆಗಳ ಮಗ್ಗುಲಲ್ಲಿ ಸೈಕಲ್ ಓಡುವಂತೆ ಮಾಡಿದ್ದರು. ಮಾರನೆಯ ದಿನ ಭಾನುವಾರವೇ ಮೊದಲ ಸವಾರಿ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಮಕ್ಕಳೂ ಬರುವವರಿದ್ದರು. ಪಿಳ್ಳಪ್ಪನವರ ಮೊಮ್ಮಗಳು ಧನುಶ್ರೀಗೆ ಅದರಲ್ಲಿ ಸವಾರಿ ಮಾಡಲೇಬೇಕೆಂಬ ಆಸೆ. ತಾತ ಮಾತ್ರ ಸೈಕಲ್ ಎಂದ ಕೂಡಲೇ ಟವೆಲ್ ಕೊಡವಿ ಎದ್ದು ಹೋಗುತ್ತಿದ್ದರು. ಕೆರೆ ಅಂಗಳದಲ್ಲಿ ಎಷ್ಟು ಬೇಕಾದರೂ ತುಳಿ, ಬೆಟ್ಟದ ಮಾತು ಬೇಡ ಎಂದು ಅಪ್ಪಣೆಯಾಗಿತ್ತು. ಗೌರಿಬಿದನೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವಳಪ್ಪ ಉದಯಕುಮಾರ್ "ನಿಮ್ಮ ತಾತ ಒಪ್ಪಿದ್ರೆ ನಂದೇನಿಲ್ಲಮ್ಮ" ಎಂದು ಜಾರಿಕೊಂಡಿದ್ದ.

ಆ ಮಧ್ಯಾಹ್ನ ಶೈಲಜಾ ಪಿಳ್ಳಪ್ಪನವರ ಮನೆಗೆ ಬಂದಳು. ಸಂಘದ ಪರವಾಗಿ ತರಬೇತಿ ಪಡೆದು ಕೆರೆ ಅಂಗಳದಲ್ಲಿ ಮಕ್ಕಳಿಗೆ ಬೆಟ್ಟದ ಸೈಕಲ್ ಕಲಿಸುವವಳು ಅವಳೇ.

"ಮಾವ, ನಾಳೆ ನಮ್ಮ ಧನುನ ಕಳಿಸ್ಕೊಡಿ. ಅದಕ್ಕೇ ಬಂದೆ."

"ವದ್ದಮ್ಮಾ, ವದ್ದು! ಬೇಡ!" ಪಿಳ್ಳಪ್ಪನವರಿಗೆ ಸಿಟ್ಟು ಬಂದರೆ ತೆಲುಗು ಮೊದಲು ಬರುತ್ತದೆ. "ಕೋನಪ್ಪನ ಮಗ ರಮೇಶ್‌ಬಾಬು ಅದೇ ಬೆಟ್ಟದಾಗೆ ಬಿದ್ದು ಕೈ ಮುರ್ಕೊಂಡು ಕೂತವ್ನೆ. ಹೆಣ್ಮಗು ಕೈಕಾಲು ಮುರ್ಕೊಂಡ್ರೆ ನೀನು ಬಂದು ನೋಡ್ಕೊತೀಯಾ?"

"ಅವನು ಯಾಕೆ ಬಿದ್ದ ಅಂತ ಕೇಳಿದ್ರಾ ಮಾವ? ಬ್ರೇಕ್ ಇಲ್ಲದ ಸೈಕಲ್. ತಲೆಗೆ ಹೆಲ್ಮೆಟ್ ಇಲ್ಲ. ಕಲಿಯೋ ಮುಂಚೇನೇ ಕಪ್ಪು ದಾರೀಗೆ ನುಗ್ಗಿದ. ಬೆಟ್ಟದ್ದೇನು ತಪ್ಪು?"

"ದಾರೀಗೆಂಥಾ ಬಣ್ಣ?" ಎಂದು ಪಿಳ್ಳಪ್ಪನವರ ಹೆಂಡತಿ ಓಬಳಮ್ಮ ಒಳಗಿನಿಂದಲೇ ಕೇಳಿದರು. ಅವರೆಕಾಯಿ ಸುಲಿಯುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

"ಮೂರು ಬಣ್ಣ ಅತ್ತೆ. ಹಸಿರು ಅಂದ್ರೆ ಕಲಿಯೋರಿಗೆ. ಅಗಲವಾಗಿದೆ, ಇಳಿಜಾರು ಕಮ್ಮಿ, ಎಂಟು ವರ್ಷದ ಮಕ್ಕಳೂ ಹೋಗಬಹುದು. ನೀಲಿ ಅಂದ್ರೆ ಚೆನ್ನಾಗಿ ಅಭ್ಯಾಸ ಆದೋರಿಗೆ. ಬೇರು, ಸಣ್ಣ ಕಲ್ಲು, ತಿರುವು ಇರುತ್ತೆ. ಕಪ್ಪು ಮಾತ್ರ ಪಳಗಿದೋರಿಗೇ. ಬಂಡೆ ಮೇಲಿಂದ ನೆಟ್ಟಗೆ ಇಳಿಯುತ್ತೆ. ದಾರಿ ಎಲ್ಲಿ ಒಡೆಯುತ್ತೋ ಅಲ್ಲೆಲ್ಲಾ ಬಣ್ಣ ಬಳಿದು ಕಲ್ಲು ನೆಟ್ಟಿದ್ದೀವಿ. ನಿಮ್ಮ ಅವರೆ ಹೊಲದ ಮೂಲೇಲೇ ಒಂದು ಜೋಡಿ ಇದೆಯಲ್ಲ, ಎಡಕ್ಕೆ ಹಸಿರು, ಬಲಕ್ಕೆ ಕಪ್ಪು. ನೋಡಿಲ್ವಾ ಮಾವ?"

ಪಿಳ್ಳಪ್ಪನವರ ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದು ನಿಂತಿತು.

"ಧನು ಎಲ್ಲಿ?" ಎಂದರು.

"ಪಕ್ಕದ ಮನೆ ಅಮ್ಮಾಜಮ್ಮನ ಮೊಮ್ಮಕ್ಳಿಗೆ ಹಸಿರು ದಾರಿ ತೋರಿಸ್ತೀನಿ ಅಂತ ಆಗ್ಲೇ ಹೋದ್ಲು," ಎಂದರು ಓಬಳಮ್ಮ. "ನಾನೇ ಹೋಗು ಅಂದೆ. ನೀವು ಬೈತೀರ ಅಂತ ಹೇಳ್ಲಿಲ್ಲ."

"ಹೌದು ಮಾವ, ನಿಧಾನವಾಗಿ ಹೋಗ್ತಿರಿ, ಹಿಂದೇನೇ ಬರ್ತೀನಿ ಅಂದಿದ್ದೀನಿ..." ಶೈಲಜಾ ಮಾತು ಮುಗಿಸುವಷ್ಟರಲ್ಲಿ ಪಿಳ್ಳಪ್ಪನವರು ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಮರೆತು ಬೀದಿಗೆ ಇಳಿದಿದ್ದರು.

ಆ ವಯಸ್ಸಿನಲ್ಲಿ ಅವರು ಓಡಿದ ಓಟವನ್ನು ಊರು ಇನ್ನೂ ಮರೆತಿಲ್ಲ. ಹಿಪ್ಪುನೇರಳೆ ತೋಟದ ನಡುವೆ ಹಾದು, ಬೇಲಿ ದಾಟಿ ಓಡಿದರು. ಹಿಂದೆ ಶೈಲಜಾ "ಏನಾಯ್ತು ಮಾವ? ಹೇಳಿಯಾದ್ರೂ ಓಡಿ!" ಎಂದು ಕೂಗುತ್ತಿದ್ದಳು. ಅವರಿಗೆ ಹೇಳಲು ಉಸಿರೇ ಇರಲಿಲ್ಲ. ಹೊಲದ ಮೂಲೆ ಮುಟ್ಟಿದಾಗ ಎಡಗಡೆಯ ಕಂಪೆ ಹಾಗೇ ಬಿದ್ದಿತ್ತು. ಮೂರು ಸೈಕಲ್ಲಿನ ಗಾಲಿ ಗುರುತು ಬಲಕ್ಕೆ ಹೊರಳಿತ್ತು. ಕಪ್ಪು ದಾರಿಗೆ.

ಪಿಳ್ಳಪ್ಪನವರ ಎದೆ ಒಡೆಯುವುದೊಂದು ಬಾಕಿ. "ನನ್ ಕೈಯಾರೆ ಮಗೂನ ಕಳಿಸ್ಬಿಟ್ನಲ್ಲಪ್ಪಾ!" ಎನ್ನುತ್ತಾ ಏರು ಹತ್ತಿದರು.

ದೊಡ್ಡ ಬಂಡೆಯ ನೆತ್ತಿಯಲ್ಲಿ ಧನುಶ್ರೀ ನಿಂತಿದ್ದಳು. ಸೈಕಲ್ಲನ್ನು ದಾರಿಗೆ ಅಡ್ಡಲಾಗಿ ನಿಲ್ಲಿಸಿ, ಇಬ್ಬರು ಚಿಕ್ಕ ಮಕ್ಕಳನ್ನು ತನ್ನ ಬೆನ್ನ ಹಿಂದೆ ಕೂರಿಸಿದ್ದಳು. ಅವಳ ಮುಂದೆ ನೆಲವೇ ಇಲ್ಲವೇನೋ ಎಂಬಂತೆ ಬಂಡೆ ಕೆಳಗಿಳಿದಿತ್ತು.

"ತಾತ! ನೀವ್ಯಾಕೆ ಬಂದ್ರಿ? ಕಾಲಲ್ಲಿ ರಕ್ತ ಬರ್ತಿದೆ!"

"ಬಿದ್ಯೇನಮ್ಮಾ? ಎಲ್ಲಾದ್ರೂ ಪೆಟ್ಟಾಯ್ತಾ?"

"ಇಲ್ಲ ತಾತ. ಆ ದಾರೀಲಿ ಮುಳ್ಳು ಹಾಕಿದ್ರು, ಕಲ್ಲೂ ಇರಲಿಲ್ಲ, ಇದೇ ಅಂದ್ಕೊಂಡು ಬಂದ್ವಿ. ಇಲ್ಲಿ ಬಂದ್ರೆ ಮುಂದಿನ ನೆಲ ಕಾಣ್ತಿರಲಿಲ್ಲ. ಕಾಣದಿದ್ರೆ ಇಳಿದು ನಿಲ್ಲು ಅಂತ ಶೈಲಜಾ ಆಂಟಿ ಹೇಳ್ಕೊಟ್ಟವ್ರೆ. ಇಳಿದೆ. ಇವರಿಬ್ರೂ ಜೋರಾಗಿ ಬರ್ತಿದ್ರು, ಅಡ್ಡ ನಿಂತು ತಡೆದೆ. ಆಂಟಿ ಬರೋವರ್ಗೂ ಅಲ್ಲಾಡಬಾರದು ಅಂತ ಕೂರಿಸ್ಕೊಂಡಿದ್ದೆ."

ಶೈಲಜಾ ಅಷ್ಟರಲ್ಲಿ ಬಂದು ಮಕ್ಕಳ ಮೈಕೈ ಮುಟ್ಟಿ ನೋಡಿದಳು. "ನಿಮ್ಮನ್ನ ಒಂಟಿಯಾಗಿ ಮುಂದೆ ಕಳಿಸಿದ್ದು ನನ್ನ ತಪ್ಪು. ಇನ್ಮೇಲೆ ಜೊತೆಗೇ ಹೋಗಣ," ಎಂದಳು. ಆಮೇಲೆ ಅವಳ ದನಿ ಗಟ್ಟಿಯಾಯಿತು. "ಆ ಕಲ್ಲು ಕಿತ್ತೋರು ಯಾರು ಅಂತ ಗೊತ್ತಾಗ್ಲಿ!"

"ನಾನೇ ಕಣಮ್ಮ," ಎಂದರು ಪಿಳ್ಳಪ್ಪ. "ಸರ್ವೆ ಕಲ್ಲು ಅಂದ್ಕೊಂಡೆ. ಕಂಪೆ ಹಾಕಿದ್ದೂ ನಾನೇ."

ಧನುಶ್ರೀಗೆ ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ತಾತನ ಸೊಂಟ ತಬ್ಬಿಕೊಂಡಳು. ಪಿಳ್ಳಪ್ಪನವರು ಅವಳ ಹೆಲ್ಮೆಟ್ಟಿನ ಮೇಲೆ ಕೈಯಿಟ್ಟರು.

"ನಾನು ಬೀಳ್ತೀಯ ಬೀಳ್ತೀಯ ಅಂತಿದ್ದೆ. ನೀನು ಇನ್ನಿಬ್ರನ್ನೂ ಬೀಳದಂಗೆ ಕಾಪಾಡ್ದೆ. ನಾಳೆ ಹೋಗಮ್ಮ ನೀನು. ಯಾರು ಬೇಡ ಅಂತಾರೋ ನಾನೂ ನೋಡ್ತೀನಿ!"

ಬೇಡ ಎನ್ನುತ್ತಿದ್ದವರು ಅವರೊಬ್ಬರೇ. ಅದನ್ನು ನೆನಪಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಆ ಸಂಜೆಯೇ ಅವರು ಹಳ್ಳಕ್ಕಿಳಿದು ಕಲ್ಲುಗಳನ್ನು ಹೊತ್ತು ತಂದು, ಶೈಲಜಾ ತೋರಿಸಿದ ಜಾಗದಲ್ಲೇ ನೆಟ್ಟರು. ಕಂಪೆಯನ್ನು ದಾರಿಯಿಂದ ತೆಗೆದು ಹೊಲದ ಅಂಚಿಗೆ ಒತ್ತಾಗಿ ಹಾಕಿದರು. ಅವರೆಯೂ ಉಳಿಯಿತು, ದಾರಿಯೂ ತೆರೆಯಿತು.

ಭಾನುವಾರ ಬೆಟ್ಟದ ಬುಡದಲ್ಲಿ ಜನವೋ ಜನ. ಪಿಳ್ಳಪ್ಪನವರು ಒಗೆದ ಬಿಳಿ ಪಂಚೆಯುಟ್ಟು ಎಲ್ಲರಿಗಿಂತ ಮುಂದೆ ನಿಂತಿದ್ದರು. ಹಿಂದಿನ ದಿನ ಬೆಟ್ಟವೇ ಬೇಡ ಎಂದವರು ಇಂದು ಶೈಲಜಾಳನ್ನು ಹಿಡಿದುಕೊಂಡಿದ್ದರು.

"ನಮ್ ಹುಡ್ಗೀಗೆ ಹಸಿರು ಯಾಕಮ್ಮಾ? ಕಪ್ಪು ದಾರೀಗೇ ಬಿಡು, ಎಲ್ರೂ ನೋಡ್ಲಿ!"

ಧನುಶ್ರೀ ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಮುಂದಿನ ಬ್ರೇಕ್ ಹಿಂದಿನ ಬ್ರೇಕ್ ಎರಡನ್ನೂ ಒತ್ತಿ ನೋಡಿ ನಕ್ಕಳು. "ಇಲ್ಲ ತಾತ. ಮೊದ್ಲು ಹಸಿರು. ಅದು ಸಲೀಸಾದ್ಮೇಲೆ ನೀಲಿ. ಕಪ್ಪಿಗೆ ಇನ್ನೂ ಟೈಮಿದೆ."

ಸೀಟಿ ಕೇಳಿಸಿತು. ಶೈಲಜಾಳ ಜೊತೆ ಮಕ್ಕಳು ನೀಲಗಿರಿ ತೋಪಿನೊಳಗೆ ಮರೆಯಾದರು. ಕೆಳಗಿದ್ದ ನಮಗೆಲ್ಲ ಒಂದೇ ತವಕ. ಓಬಳಮ್ಮ ಸೆರಗಿನ ತುದಿ ಹಿಡಿದು ಮನೆದೇವರನ್ನು ಕರೆಯುತ್ತಿದ್ದರು. ಎದುರಿಗೆ ಬಂದ ಕುರಿಮಂದೆಗೆ ಮಕ್ಕಳು ಸೈಕಲ್ ಇಳಿದು ದಾರಿ ಬಿಟ್ಟರೆಂದು ಮೇಲಿನಿಂದ ಯಾರೋ ಕೂಗಿ ಹೇಳಿದರು. ಆಮೇಲೆ ಕೊನೆಯ ತಿರುವಿನಲ್ಲಿ ಧೂಳೆದ್ದಿತು. ಪೆಡಲ್ ಮೇಲೆ ಎದ್ದು ನಿಂತು, ಮೈಯನ್ನು ಹಿಂದಕ್ಕೆ ತೂಗಿ, ಎರಡೂ ಬ್ರೇಕನ್ನು ಹದವಾಗಿ ಹಿಡಿದು ಇಳಿದು ಬಂದವಳು ನಮ್ಮ ಧನುಶ್ರೀ. ಅವಳ ಹಿಂದೆಯೇ ಅಮ್ಮಾಜಮ್ಮನ ಮೊಮ್ಮಕ್ಕಳು, ಅವರ ಹಿಂದೆ ಉಳಿದವರೆಲ್ಲ. ಒಬ್ಬರಿಗೂ ಒಂದು ತರಚು ಗಾಯವಿಲ್ಲ!

"ನಮ್ ಧನು ಕಣ್ರೋ! ನಮ್ ಮನೆ ಹುಡ್ಗಿ!" ಪಿಳ್ಳಪ್ಪನವರು ಟವೆಲ್ ಗಾಳಿಗೆ ಎಸೆದರು. ಅದು ಜಾಲಿ ಮರಕ್ಕೆ ಸಿಕ್ಕಿಕೊಂಡಿತು. ಉದಯಕುಮಾರ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ. ಓಬಳಮ್ಮ ಅಳುತ್ತಲೇ ದೃಷ್ಟಿ ತೆಗೆದರು. ಚಪ್ಪಾಳೆ ಹೊಡೆದು ಹೊಡೆದು ನಮ್ಮ ಅಂಗೈ ಕೆಂಪಾಯಿತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಬೆಟ್ಟದ ಕಡೆ ನೋಡುತ್ತಾ ಒಬ್ಬಳು ಧನುಶ್ರೀ ಕೂತಿರಬಹುದು. ಬಿದ್ದುಬಿಡುತ್ತಾಳೆಂದು ಅವಳನ್ನು ಕಟ್ಟಿಹಾಕಬೇಡಿ, ಬೀಳದಂತೆ ಕಲಿಸಿ. ಹೆಲ್ಮೆಟ್ ಇಲ್ಲದೆ, ಬ್ರೇಕ್ ನೋಡದೆ, ಒಂಟಿಯಾಗಿ ಕಳಿಸಬೇಡಿ. ಕಪ್ಪು ದಾರಿಗೆ ಅವಸರ ಬೇಡ. ದಾರಿಯ ಗುರುತು ಏನೆಂದು ತಿಳಿಯದಿದ್ದರೆ ಕೀಳುವ ಮೊದಲು ಕೇಳಿ. ಆಮೇಲೆ ಬೆಟ್ಟದ ಬುಡಕ್ಕೆ ಬಂದು ನಿಲ್ಲಿ. ನಿಮ್ಮ ಮಗಳು ಇಳಿದು ಬರುವಾಗ ಅವಳ ಹೆಸರು ಕೂಗುವ ಮೊದಲ ದನಿ ನಿಮ್ಮದೇ ಆಗಿರಲಿ.