ಸರ್ವಾನುಮತದ ಸಾರು

ಪಂತೆಲೆಯ್ ಫೋಮಿಚ್ ಸಭೆಯ ವರದಿಯನ್ನು ಸಭೆಗೆ ಮುಂಚೆಯೇ ಬರೆದಿಡುತ್ತಿದ್ದ. ಅದೇನೂ ಮೋಸವಲ್ಲ. ಕಜಕ್ ಬಯಲಿನಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುತ್ತಿದ್ದ ಆ ಜಾಗದಲ್ಲಿ ಕಾರ್ಮಿಕ ಸಂಘದ ಕಾರ್ಯದರ್ಶಿಯ ಉದ್ಯೋಗವೇ ಅದು. ಎಲ್ಲಿ ಚಪ್ಪಾಳೆ, ಎಲ್ಲಿ ಭಾರಿ ಚಪ್ಪಾಳೆ, ಎಲ್ಲಿ ಎದ್ದು ನಿಂತು ಭಾರಿ ಚಪ್ಪಾಳೆ ಎಂಬುದೆಲ್ಲ ಬೆಳಿಗ್ಗೆಯೇ ಟೈಪಾಗಿರುತ್ತಿತ್ತು. ಸಾಯಂಕಾಲ ಯಾರಾದರೊಬ್ಬರು ನಿರ್ಣಯ ಓದುತ್ತಿದ್ದರು, ಇವನು "ಪರವಾಗಿರೋರು?" ಅನ್ನುತ್ತಿದ್ದ, ಮೊದಲು ವೇದಿಕೆಯ ಮೇಲಿನ ಕೈಗಳು, ಆಮೇಲೆ ಕೆಳಗಿನ ಸಾವಿರ ಕೈಗಳು ಏಳುತ್ತಿದ್ದವು. "ವಿರೋಧ-ತಟಸ್ಥ-ಯಾರೂ-ಇಲ್ಲ-ಸರ್ವಾನುಮತ!" ಅಂತ ಇವನು ಒಂದೇ ಉಸಿರಿಗೆ ಸೀನಿಬಿಡುತ್ತಿದ್ದ. ಕೈ ಎತ್ತುವುದರಲ್ಲಿ ಅಲ್ಲಿನವರದು ಎತ್ತಿದ ಕೈ. ಕೈಗೂ ಕಿವಿಗೂ ಸಂಬಂಧ ಕಡಿದು ವರ್ಷಗಳೇ ಆಗಿದ್ದವು.

ಈ ಸಲ ಮಾತ್ರ ಸಭೆ ಸಲೀಸಾಗಿರಲಿಲ್ಲ. ಮೂರು ದಿನದಿಂದ ಊದುಕುಲುಮೆಯ ಅಡಿಪಾಯಕ್ಕೆ ಒಂದು ಬಾಂಡ್ಲಿ ಕಾಂಕ್ರೀಟೂ ಬಿದ್ದಿರಲಿಲ್ಲ. ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಕಾರಣ ಸಾರು. ಸೀಮೆಎಣ್ಣೆ ಸಾಗಿಸುತ್ತಿದ್ದ ಟ್ಯಾಂಕರನ್ನೇ ತೊಳೆದೆವು ಅಂತ ಹೇಳಿ ಅದರಲ್ಲೇ ಅಡುಗೆಮನೆಗೆ ನೀರು ತರುತ್ತಿದ್ದರು. ಎಲೆಕೋಸಿನ ಸಾರು ಉಂಡವರು ಒಬ್ಬರಿಗೊಬ್ಬರು "ಬೀಡಿ ಹಚ್ಚಬೇಡಪ್ಪೋ, ತೇಗಿದ್ರೆ ಹತ್ಕೊಳ್ತೀನಿ" ಅನ್ನುತ್ತಿದ್ದರು. ಆಡಳಿತದವರಿಗೆ ಪರದೆ ಹಾಕಿದ ಬೇರೆ ಊಟದ ಮನೆ, ಬೇರೆ ಬಾವಿ.

ನಿರ್ದೇಶಕ ವಿಕೆಂತಿ ಲ್ವೋವಿಚ್ ಬೆಳಿಗ್ಗೆಯೇ ಪಂತೆಲೆಯ್‌ನನ್ನು ಕರೆಸಿದ್ದ. ಗಂಟಲೊಳಗೆ ಜಲ್ಲಿ ಯಂತ್ರ ಇಟ್ಟುಕೊಂಡಂಥ ದನಿ. "ಅಡುಗೆಮನೆಗೆ ಅಭಿನಂದನೆ, ನಾಳೆಯಿಂದ ಕೆಲಸ ಶುರು. ಇಷ್ಟೇ ನಿರ್ಣಯ. ಜಿಲ್ಲಾ ಪಕ್ಷದ ಕಚೇರಿಯಿಂದ ಒಬ್ರು ಬರ್ತಿದಾರೆ. ಇವತ್ತಿನ ನಿರ್ಣಯ ನಂದು, ನಾಳಿನ ರೂಮು ನಿಂದು. ಗೊತ್ತಾಯ್ತಾ?"

ಗೊತ್ತಾಗದೆ ಏನು? ಹೊಸ ಇಟ್ಟಿಗೆ ಕಟ್ಟಡದಲ್ಲಿ ಹದಿನಾಲ್ಕು ಚದರ ಮೀಟರ್, ಒಂದು ಕಿಟಕಿ! ಆರು ವರ್ಷದಿಂದ ಅವನೂ ಹೆಂಡತಿ ಕಾಪಾಳೂ ಬ್ಯಾರಕ್ಕಿನ ಮೂಲೆಯಲ್ಲಿ ಹಾಸಿಗೆವಸ್ತ್ರವನ್ನೇ ಗೋಡೆ ಮಾಡಿಕೊಂಡು ಸಂಸಾರ ಮಾಡುತ್ತಿದ್ದರು. ಇವರು ಪಿಸುಗುಟ್ಟಿದ್ದಕ್ಕೆ ಆಚೆಯವರು ಉತ್ತರ ಕೊಡುತ್ತಿದ್ದರು.

ನಿರ್ಣಯ ಓದಲು ಅವನು ಆರಿಸಿದ್ದು ಕಾಂಕ್ರೀಟ್ ತಂಡದ ಮುಖ್ಯಸ್ಥೆ ಉಸ್ತೀನ್ಯಾಳನ್ನು. ಎದೆ ಮೇಲೆ ಎರಡು ಪದಕ, ಜನರಿಗೂ ನಂಬಿಕೆ. ಟೈಪಾದ ಹಾಳೆ ಕೊಟ್ಟಾಗ ಅವಳು ಸಾಧುವಾಗಿ ತಲೆಯಾಡಿಸಿದ್ದಳು. ಅನುಮಾನ ಬರಬೇಕಾಗಿದ್ದುದು ಅಲ್ಲೇ.

ಸಭೆ ಶುರುವಾಯಿತು. ಉಸ್ತೀನ್ಯಾ ಎದ್ದು, ಥೇಟು ರೇಡಿಯೋದವರ ರಾಗದಲ್ಲಿ, ಏರಿಸಬೇಕಾದಲ್ಲಿ ಏರಿಸಿ ಇಳಿಸಬೇಕಾದಲ್ಲಿ ಇಳಿಸಿ ಓದತೊಡಗಿದಳು. "ಏಳು ವರ್ಷದ ಯೋಜನೆಯ ಭವ್ಯ ಗುರಿಗಳತ್ತ ದಿಟ್ಟ ಹೆಜ್ಜೆಯಿಡುತ್ತಾ..." ವೇದಿಕೆಯ ಮೇಲೆ ವಿಕೆಂತಿ ಲ್ವೋವಿಚ್ ಜಿಲ್ಲೆಯವನ ಕಿವಿಯಲ್ಲಿ ತಾನು ಹಿಡಿದ ಮೀನಿನ ಉದ್ದ ಅಳೆಯುತ್ತಿದ್ದ. ಪಂತೆಲೆಯ್ ಕಿಟಕಿ ಪಕ್ಕ ಬೀರು ಇಡುವುದೋ ಮಂಚವೋ ಎಂಬ ಚಿಂತೆಯಲ್ಲಿದ್ದ. "...ಕಾರ್ಮಿಕ ವರ್ಗದ ಅಚಲ ಐಕ್ಯವನ್ನು ಎತ್ತಿಹಿಡಿಯುತ್ತಾ, ಪರದೆಯ ಊಟದ ಮನೆಯನ್ನು ಇಂದೇ ಮುಚ್ಚತಕ್ಕದ್ದೆಂದೂ, ಕಾಮ್ರೇಡ್ ನಿರ್ದೇಶಕರು ಹತ್ತು ದಿನ ಸಾಮಾನ್ಯ ಹಂಡೆಯಿಂದಲೇ ಉಣ್ಣತಕ್ಕದ್ದೆಂದೂ, ಅವರು ಉಣ್ಣುವ ತನಕ ಕಾಂಕ್ರೀಟು ಸುರಿಯತಕ್ಕದ್ದಲ್ಲವೆಂದೂ, ಈ ಸಭೆ ಹೆಮ್ಮೆಯಿಂದ ತೀರ್ಮಾನಿಸುತ್ತದೆ."

ರಾಗ ಇಳಿಯಿತು. ರಾಗ ಇಳಿದರೆ ನಿರ್ಣಯ ಮುಗಿಯಿತು ಎಂದರ್ಥ.

"ಪರವಾಗಿರೋರು?" ಅಂದ ಪಂತೆಲೆಯ್.

ಮೊದಲು ನಿರ್ದೇಶಕನ ಕೈ ಎದ್ದಿತು. ಅದರ ಪಕ್ಕದಲ್ಲೇ ಜಿಲ್ಲೆಯವನದು. ಆಮೇಲೆ ಕೆಳಗೆ ಸಾವಿರ ಕೈಗಳು, ಈ ಸಲ ಕಿವಿಗಳ ಸಮೇತ.

"ವಿರೋಧ-ತಟಸ್ಥ-ಯಾರೂ-ಇಲ್ಲ-ಸರ್ವಾನುಮತ!"

ಹಾಳೆಯಲ್ಲಿ ಇಲ್ಲದ ಚಪ್ಪಾಳೆ ಬಿತ್ತು. ಶಿಳ್ಳೆಯೂ ಬಿತ್ತು.

"ಏನಂತೆ? ಯಾಕಿಷ್ಟು ಖುಷಿ?" ಅಂದ ವಿಕೆಂತಿ ಲ್ವೋವಿಚ್. ಶೀಘ್ರಲಿಪಿಯ ಹುಡುಗಿ ತಾನು ಬರೆದುಕೊಂಡದ್ದನ್ನು ಓದಿದಳು. ಅವನ ಮುಖ ಬೀಟ್‌ರೂಟ್ ಆಯಿತು.

"ರದ್ದು! ನಾನು ಕೇಳಿಸ್ಕೊಳ್ದೆ ಕೈ ಎತ್ತಿದ್ದು!"

"ಹೌದಾ ವಿಕೆಂತಿ ಲ್ವೋವಿಚ್?" ಉಸ್ತೀನ್ಯಾಳ ದನಿಯಲ್ಲಿ ಸಕ್ಕರೆ ಪಾಕ. "ಹಾಗಾದ್ರೆ ಹೋದ ಸಲದ್ದು? ಹಬ್ಬದ ದಿನ ಸರ್ಕಾರಕ್ಕೆ ಧನ್ಯವಾದ ಹೇಳಿದ್ರಲ್ಲ, ಅದು? ಅವನ್ನೂ ಕೇಳಿಸ್ಕೊಂಡಿರಲಿಲ್ವಾ? ಇದನ್ನೂ ಬರ್ಕೋಳಮ್ಮಾ ನೀನು."

ನಿರ್ದೇಶಕ ಜಿಲ್ಲೆಯವನ ಕಡೆ ನೋಡಿದ. ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಪಕ್ಷದ ಕೈ ತಪ್ಪು ಮಾಡಲ್ಲ ಕಾಮ್ರೇಡ್" ಅಂದ.

ಉಳಿದದ್ದು ಒಂದೇ ದಾರಿ. ವಿಕೆಂತಿ ಲ್ವೋವಿಚ್ ಪಂತೆಲೆಯ್‌ನ ತೋಳು ಹಿಡಿದು ಹಲ್ಲಿನ ನಡುವೆಯೇ ಉಸುರಿದ: "ಎಣಿಕೆ ತಪ್ಪಾಯ್ತು ಅನ್ನು. ನಾನು ವಿರೋಧ ಇದ್ದೆ, ಲೆಕ್ಕಕ್ಕೆ ಸಿಕ್ಕಿಲ್ಲ ಅನ್ನು. ಸರ್ವಾನುಮತ ಅಲ್ದಿದ್ರೆ ನಿರ್ಣಯ ಬಿದ್ದುಹೋಗುತ್ತೆ. ರೂಮಿನ ಕೀಲಿ ನನ್ನ ಜೇಬಲ್ಲೇ ಇದೆ."

ಪಂತೆಲೆಯ್ ಎದ್ದು ನಿಂತ. ಮೂರನೇ ಸಾಲಿನಲ್ಲಿ ಕಾಪಾ ಕೂತಿದ್ದಳು. ಗಾರೆ ಕಲಸುವ ಹೆಂಗಸರ ನಡುವೆ, ಕೈಕಟ್ಟಿಕೊಂಡು. ಆ ಸಾರು ಕುಡಿದು ವಾರದಿಂದ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದವಳು. ಆದರೂ ರೂಮೇ ಗೆದ್ದಿತು. ಎಣಿಕೆ ತಪ್ಪಾಯಿತು ಅನ್ನುವುದಕ್ಕೆ ಅವನು ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಇತ್ತು. ಹಾಳೆ ಇಲ್ಲದೆ ವೇದಿಕೆಯ ಮೇಲೆ ಅವನು ಹುಟ್ಟಿದಾಗಿನಿಂದ ಮಾತಾಡಿರಲಿಲ್ಲ. ಯಾರಾದರೂ ಬರೆದುಕೊಟ್ಟಿದ್ದರೆ ಓದಿಬಿಡುತ್ತಿದ್ದ! ಬೆವರಿದ, ಕೆಮ್ಮಿದ. ಹದಿನಾಲ್ಕು ವರ್ಷದ ಸಂಘದ ಕೆಲಸದಲ್ಲಿ ನಾಲಿಗೆಗೆ ಬಾಯಿಪಾಠವಾಗಿದ್ದ ಒಂದೇ ಒಂದು ಪದ ತಾನಾಗಿ ಹೊರಬಿತ್ತು.

"ಸರ್ವಾನುಮತ."

ಛಾವಣಿ ಹಾರಿಹೋಗುವಂಥ ಚಪ್ಪಾಳೆ. ನಿರ್ದೇಶಕನ ಕೈ ತೋಳಿನಿಂದ ಜಾರಿತು.

ಮರುದಿನ ವಿಕೆಂತಿ ಲ್ವೋವಿಚ್ ಮೂಗು ಮುಚ್ಚಿಕೊಂಡು ಸಾಮಾನ್ಯ ಹಂಡೆಯ ಸಾರು ಉಂಡ. ಎಂಟು ತಿಂಗಳಿಂದ "ಇಡೀ ದೇಶದಲ್ಲೇ ಇಲ್ಲ" ಅನ್ನಿಸಿಕೊಂಡಿದ್ದ ಹೊಸ ನೀರಿನ ಟ್ಯಾಂಕರು ಅದರ ಮಾರನೇ ದಿನವೇ ಬಂತು. ಸಾರಿನಲ್ಲಿ ಮಾಂಸವೂ ತೇಲಿತು. ಹನ್ನೊಂದನೇ ದಿನ ಮಾಂಸ ಮುಳುಗಿತು, ಪರದೆ ಮತ್ತೆ ಎದ್ದಿತು. ನೀರು ಮಾತ್ರ ನೀರಾಗಿಯೇ ಉಳಿಯಿತು. ಉಸ್ತೀನ್ಯಾಳಿಗೆ ಮೂರನೇ ಪದಕ ಕೊಟ್ಟು ಬಹು ಗೌರವದಿಂದ ಉತ್ತರದ ಹಿಮದ ಕಡೆಗೆ ವರ್ಗ ಮಾಡಿದರು. ಹದಿನಾಲ್ಕು ಚದರ ಮೀಟರು ಜಿಲ್ಲೆಯವನ ಸೋದರಳಿಯನಿಗೆ ಹೋಯಿತು. ಪಂತೆಲೆಯ್ ಗಾರೆ ಗುಂಡಿಗೆ ಬಂದ.

ಮೊದಲ ದಿನವೇ ಹೆಂಗಸರು ಸುತ್ತುಗಟ್ಟಿದರು. "ಫೋಮಿಚ್, ಹುಲಿ ಕಣಪ್ಪಾ ನೀನು! ನಿರ್ದೇಶಕ ರೂಮಿನ ಕೀಲಿ ಜೇಬಲ್ಲಿಟ್ಕೊಂಡು ಎದುರಿಗೆ ನಿಂತಿದ್ನಂತಲ್ಲ, ಅಷ್ಟು ಧೈರ್ಯ ಎಲ್ಲಿಂದ ಬಂತು?"

ಕೈಯಲ್ಲಿ ಹಾಳೆ ಇರಲಿಲ್ಲ. ಆದರೂ ಈ ಸಲ ಮಾತು ಧಾರಾಳವಾಗಿ ಬಂತು. "ಮೊದ್ಲೇ ತೀರ್ಮಾನ ಮಾಡ್ಬಿಟ್ಟಿದ್ದೆ ಕಣ್ರೇ. ರೂಮು ಇವತ್ತು ಬರುತ್ತೆ, ನಾಳೆ ಹೋಗುತ್ತೆ. ಮನುಷ್ಯನಿಗೆ ಆತ್ಮಸಾಕ್ಷಿ ಅಂತ ಒಂದು..."

ಪಕ್ಕದಲ್ಲಿ ಸುಣ್ಣ ಜರಡಿ ಹಿಡಿಯುತ್ತಿದ್ದ ಕಾಪಾ ತಲೆ ಎತ್ತಿದಳು. ಹೆಂಡತಿಯ ಎದುರು ಯಾವ ನಿರ್ಣಯವೂ ಸರ್ವಾನುಮತವಲ್ಲ.

"ಗೊತ್ತು ಗೊತ್ತು," ಅಂದಳು. "ಸಲಿಕೆ ಎತ್ತು."