ಮೊದಲ ನೀರು

ನನ್ನ ಅಕ್ಕ ಸುಮಿಯೆಯಷ್ಟು ಚೊಕ್ಕಟವಾಗಿ ಸುಳ್ಳು ಹೇಳುವವರನ್ನು ಈ ಬಂದರಿನಲ್ಲಿ ನಾನು ಬೇರೆ ಕಂಡಿಲ್ಲ. ಇದನ್ನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಅವಳ ಒಂದು ಸುಳ್ಳಿನ ದೆಸೆಯಿಂದ ಇಡೀ ಒಂದು ಚಳಿಗಾಲ ಸಂಜೆ ಸಂಜೆಗೂ ಬೆಂದಿದ್ದೇನೆ, ಬೇಯಿಸಿದ ಸಿಗಡಿಯ ಬಣ್ಣಕ್ಕೆ ತಿರುಗಿದ್ದೇನೆ. ಆದರೂ ಹೊಗಳುತ್ತೇನೆ.

ಎಲ್ಲಕ್ಕೂ ಮೂಲ ನಮ್ಮ ಭಾವ ಇಸಾಮು. ಬೊಂಡಾಸ್ ಮೀನು ಹಿಡಿಯುವ ದೋಣಿಗಳಲ್ಲಿ ಎಂಜಿನ್ ನೋಡಿಕೊಂಡು ಆಯಸ್ಸು ಸವೆಸಿದವರು. ಮೇಲೆ ಹೋದರೆ ಹಿಮದ ಗಾಳಿ, ಕೆಳಗಿಳಿದರೆ ಎಂಜಿನ್ನಿನ ಕಾವು. ಈ ಎರಡರ ನಡುವೆ ಹದ ಎಂಬುದೊಂದು ಇರುತ್ತದೆ ಎನ್ನುವುದನ್ನೇ ಅವರು ಮರೆತುಬಿಟ್ಟಿದ್ದರು. ದೋಣಿ ಬಿಟ್ಟು ಮನೆಯಲ್ಲಿ ಕೂತ ಮೇಲೂ ಸಂಜೆ ತೊಟ್ಟಿಯ ನೀರು ನಲವತ್ತನಾಲ್ಕು ಡಿಗ್ರಿ ಇರಲೇಬೇಕು. ಒಂದು ಡಿಗ್ರಿ ಕಡಿಮೆಯಾದರೂ, "ಇದೇನಿದು, ಮೀನು ತೊಳೆದ ನೀರಾ?" ಎಂದು ಬಚ್ಚಲಿನಿಂದಲೇ ಕೂಗು. ಮನೆಯ ಯಜಮಾನರಾದ್ದರಿಂದ ಮೊದಲ ನೀರು ಅವರದು. ಮೈ ತೊಳೆದುಕೊಂಡು, ಕತ್ತಿನ ತನಕ ಮುಳುಗಿ, ಕಣ್ಣು ಮುಚ್ಚಿ ಕೂತು, ಅವರು ಎದ್ದು ಬಂದ ಮೇಲೆ ಅದೇ ನೀರಿಗೆ ಅಕ್ಕ ಇಳಿಯಬೇಕು. ಮದುವೆಯಾದಾಗಿನಿಂದಲೂ ಇದೇ ಕ್ರಮ.

ಹಿಮ ಬೀಳತೊಡಗಿದ ಹೊಸತರಲ್ಲಿ ಒಂದು ಸಂಜೆ ಭಾವ ತೊಟ್ಟಿಯಿಂದೆದ್ದು ಬಟ್ಟೆ ಹಾಕಿಕೊಳ್ಳುವ ಕೋಣೆಗೆ ಬಂದವರು ಹಾಗೇ ಕುಸಿದುಬಿದ್ದರು. ಸದ್ಯ, ಅಕ್ಕ ಅಲ್ಲೇ ಟವೆಲ್ ಮಡಿಸುತ್ತಿದ್ದಳು. ಆಸ್ಪತ್ರೆಯಲ್ಲಿ ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು: "ತಣ್ಣನೆ ಕೋಣೆ, ಸುಡುನೀರು, ಮತ್ತೆ ತಣ್ಣನೆ ಕೋಣೆ. ಈ ಹೃದಯ ಇದನ್ನ ಇನ್ನೊಂದು ಸಲ ತಡ್ಕೊಳ್ಳಲ್ಲ. ನೀರು ನಲವತ್ತೊಂದು ದಾಟಬಾರದು. ಇವರು ಹೋಗೋ ಹೊತ್ತಿಗೆ ಬಚ್ಚಲು ಬೆಚ್ಚಗಾಗಿರಬೇಕು." ಭಾವ ಸೊಂಟ ಬಗ್ಗಿಸಿ ವಂದಿಸಿ ಎಲ್ಲದಕ್ಕೂ ಹೂಂ ಎಂದರು. ಮನೆಗೆ ಬಂದ ದಿನವೇ ಮತ್ತೆ ನಲವತ್ತನಾಲ್ಕು.

ಅಕ್ಕ ಕದ್ದು ಇಳಿಸಿ ನೋಡಿದಳು. ಆದರೆ ಅವರ ಅಡುಗೆಮನೆಯ ಗೋಡೆಯಲ್ಲಿರುವ ಯಂತ್ರ ಇದೆಯಲ್ಲ, ಅದರಂಥ ಚಾಡಿಕೋರ ಇನ್ನೊಂದಿಲ್ಲ. ಗುಂಡಿ ಒತ್ತಿದ ಕೂಡಲೇ ಹೊಸ ಮದುಮಗಳ ದನಿಯಲ್ಲಿ, "ಸ್ನಾನದ ನೀರಿನ ಉಷ್ಣತೆಯನ್ನು ನಲವತ್ತೊಂದು ಡಿಗ್ರಿಗೆ ಬದಲಿಸಲಾಗಿದೆ" ಎಂದು ಮನೆಗೆಲ್ಲ ಸಾರುತ್ತದೆ. ಟಿವಿ ಮುಂದಿನಿಂದ ಭಾವ, "ಸುಮಿಯೇ!" ಎನ್ನುತ್ತಿದ್ದರು. ಅವರು ಹೊರಗೆ ಹೋದಾಗ ಇಳಿಸಿದರೂ ಉಪಯೋಗವಿಲ್ಲ. ಬಚ್ಚಲಿಗೆ ಹೋಗುವ ಮುಂಚೆ ಆ ಫಲಕದ ಮುಂದೆ ನಿಂತು ಅಂಕಿ ನೋಡಿಯೇ ಹೋಗುವವರು. ಎಂಜಿನ್ ಕಾದವರಿಗೆ ಮುಳ್ಳು ನೋಡುವ ಚಟ ಎಲ್ಲಿ ಬಿಟ್ಟುಹೋಗುತ್ತದೆ! ಅಕ್ಕ ಬೇಡಿಕೊಂಡಳು. ಅತ್ತಳು ಕೂಡ. ನಮ್ಮ ಅಮ್ಮ ಸತ್ತಾಗ ಬಿಟ್ಟರೆ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. "ಬೆಚ್ಚನೆ ನೀರಲ್ಲಿ ನೂರು ವರ್ಷ ಬದುಕಿ ಏನು ಮಾಡ್ಲಿ?" ಎಂದರಂತೆ ಭಾವ.

ಮರುದಿನ ಅಕ್ಕ ನಮ್ಮ ಮನೆಗೆ ಬಂದಳು. ಹೆಂಡತಿ ತೀರಿಕೊಂಡ ಮೇಲೆ ನಾನು ಒಬ್ಬನೇ ಇರುವುದು, ಅವರ ಮನೆಯಿಂದ ಎರಡು ಓಣಿ ಆಚೆ. ಅಕ್ಕ ಬೂಟಿನ ಹಿಮ ಕೊಡವಿ ಒಳಗೆ ಬಂದು, ನಾನು ಕೊಟ್ಟ ಚಹಾ ಮುಟ್ಟದೆ ಹೇಳಿದಳು:

"ಕೋಸಾಕು, ನಿನ್ನ ಬಾಯ್ಲರ್ ಕೆಟ್ಟುಹೋಗಿದೆ."

"ಇಲ್ಲವಲ್ಲ ಅಕ್ಕ. ಬೆಳಿಗ್ಗೆ ತಾನೇ—"

"ಕೆಟ್ಟಿದೆ ಅಂದ್ನಲ್ಲ."

ಅಕ್ಕ ಆ ದನಿ ತೆಗೆದರೆ ಬಾಯ್ಲರ್ ಕೂಡ ಕೆಡುತ್ತದೆ.

"ಮನೆಗೆ ನೆಂಟ ಬಂದಿರುವಾಗ ಯಜಮಾನ ಮೊದಲ ನೀರಿಗೆ ಇಳೀತಾನಾ?" ಎಂದು ಕೇಳಿದಳು.

"ಎಲ್ಲಾದ್ರೂ ಉಂಟಾ?"

"ನೀನು ನನ್ನ ತವರಿನವನು. ಅವರ ಪಾಲಿಗೆ ನೆಂಟ. ಬಾಯ್ಲರ್ ಕೆಟ್ಟ ನೆಂಟ. ಚಳಿಗಾಲ ಮುಗಿಯೋವರೆಗೂ ದಿನಾ ನಮ್ಮನೇಲೇ ಸ್ನಾನ, ಊಟ. ಮೊದಲ ನೀರು ನಿಂದು. ಅಮ್ಮ ಏನು ಹೇಳ್ತಿದ್ಲು? ಹೊಸ ನೀರು ಹಳೇ ಮೈಗೆ ಮುಳ್ಳು. ನೀನು ಇಳಿದು ಆ ಮುಳ್ಳು ಮುರಿ."

"ನನ್ನ ಮೈಯೇನು ಹೊಸದಾ?"

"ನಿನಗೆ ಹೃದಯದ ಕಾಯಿಲೆ ಇದೆಯೇನೋ? ಇಲ್ಲ ತಾನೇ. ಇಳಿ."

ಆಮೇಲೆ ಉಳಿದದ್ದನ್ನು ವಿವರಿಸಿದಳು. ಕೇಳುತ್ತಾ ಕೇಳುತ್ತಾ ನನಗೆ ಅವಳ ಕಾಲು ಮುಟ್ಟಬೇಕೆನಿಸಿತು. ಫಲಕದಲ್ಲಿ ಕಾಣುವುದು ನಾವು ಯಂತ್ರಕ್ಕೆ ಹೇಳಿದ ಅಂಕಿ, ತೊಟ್ಟಿಯಲ್ಲಿರುವ ನಿಜವಾದ ಬಿಸಿಯಲ್ಲ. ಬಚ್ಚಲ ಒಳಗೂ ಒಂದು ಗುಂಡಿ ಇದೆ, ನೀರು ಆರದಂತೆ ಮತ್ತೆ ಮತ್ತೆ ಕಾಯಿಸುವುದು. ಅದನ್ನು ಆರಿಸಿದರೆ ಯಂತ್ರ ಮಾತಾಡುವುದಿಲ್ಲ, ಒಂದು ಕೀಚ್ ಅಷ್ಟೆ. ನಾನು ಒಳಗೆ ಹೋಗಿ ಅದನ್ನು ಆರಿಸಬೇಕು, ತೊಟ್ಟಿಯ ಮುಚ್ಚಳ ತೆಗೆದಿಡಬೇಕು, ಬಿಸಿನೀರು ತೋಡಿ ತೋಡಿ ನೆಲಕ್ಕೂ ಗೋಡೆಗೂ ಸುರಿದು ಕೋಣೆಯನ್ನು ಹಬೆಯಿಂದ ತುಂಬಿಸಬೇಕು. ಬಟ್ಟೆ ಬದಲಿಸುವ ಕೋಣೆಯಲ್ಲಿ, ನೆಂಟನ ನೆಪದಲ್ಲಿ, ಅಕ್ಕ ಹೀಟರ್ ಇಡುತ್ತಾಳೆ. ಅಡುಗೆಮನೆಯ ಫಲಕದಲ್ಲಿ ಅಂಕಿ ಕಾಣುವಂತೆ, ಆದರೆ ಆ ಗುಂಡಿಯ ದೀಪ ಆರಿದ್ದು ಕಾಣದಂತೆ, ಅದರ ಅಂಚಿಗೆ ಕೈ ಒರೆಸುವ ಬಟ್ಟೆ ತೂಗುಹಾಕುತ್ತಾಳೆ. ನೀರು ನಲವತ್ತೊಂದಕ್ಕೆ ಬಂದಾಗ ನಾನು ಎದ್ದು ಬರಬೇಕು.

"ನಲವತ್ತೊಂದು ಅಂತ ನನಗೆ ಹೇಗೆ ಗೊತ್ತಾಗಬೇಕು?"

ಅಕ್ಕ ಚೀಲದಿಂದ ಹಳದಿ ಬಣ್ಣದ ಪ್ಲಾಸ್ಟಿಕ್ ಬಾತುಕೋಳಿ ತೆಗೆದಳು. ಮೊಮ್ಮಗಳು ಕೂಸಾಗಿದ್ದಾಗ ತಂದದ್ದು, ಹೊಟ್ಟೆಯಲ್ಲಿ ಥರ್ಮಾಮೀಟರ್ ಇರುವುದು. "ಟವೆಲ್ಲಲ್ಲಿ ಸುತ್ತಿಕೊಂಡು ಬಾ," ಎಂದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಭಾವನ ಪ್ರಾಣವೂ ಉಳಿಯಬೇಕು, ಅವರ ನಲವತ್ತನಾಲ್ಕೂ ಉಳಿಯಬೇಕು. ಇಂಥ ಉಪಾಯ ಹೊಳೆಯಬೇಕಾದರೆ ಗಂಡನನ್ನು ಎಷ್ಟು ಓದಿಕೊಂಡಿರಬೇಕು, ಎಷ್ಟು ಬೇಕೆನಿಸಿರಬೇಕು.

ಕೋಲೂ ಹಾವೂ ಸುಖವಾಗಿದ್ದವು. ಬೆಂದದ್ದು ನಾನು. ತೊಟ್ಟಿಗೆ ಇಳಿಯದೆ ಪಕ್ಕದಲ್ಲಿ ಕೂತು ಕಾಲ ತಳ್ಳೋಣವೆಂದರೆ ನೀರು ತುಳುಕುವ ಸದ್ದು ಬರಬೇಕಲ್ಲ, ಭಾವನ ಕಿವಿ ಅದಕ್ಕೇ ಕಾದಿರುತ್ತಿತ್ತು. ಮೊದಲ ದಿನ ಕಾಲು ಇಟ್ಟವನು ಕೂಗು ಹಾಕದಂತೆ ಟವೆಲ್ ಕಚ್ಚಿಕೊಂಡೆ. ಆಗ ಬಾಗಿಲಾಚೆಯಿಂದ ಅಕ್ಕ, ನೆಂಟರಿಗೆ ಕೇಳಬೇಕಾದ ಪ್ರಶ್ನೆಯನ್ನು ರಾಗವಾಗಿ ಕೇಳಿದಳು: "ನೀರಿನ ಹದ ಹೇಗಿದೆಯಪ್ಪಾ?" ನಮ್ಮಲ್ಲಿ ಈ ಪ್ರಶ್ನೆಗೆ ನೆಂಟನ ಬಾಯಲ್ಲಿ ಒಂದೇ ಉತ್ತರ. ನೀರು ಮಂಜುಗಡ್ಡೆಯಾಗಿರಲಿ, ಕೆಂಡವಾಗಿರಲಿ, ಬೇರೆ ಹೇಳಿದರೆ ಆ ಮನೆಗೆ ಅವಮಾನ.

"ಹದವಾಗಿದೆ ಅಕ್ಕಾ!" ಎಂದೆ. ಕಣ್ಣಲ್ಲಿ ನೀರು.

ಅಳುವ ಹಾಗಿರುವಾಗ ಹಾಡಿದರೆ ಒಳ್ಳೆಯದೆಂದು ದೋಣಿಯವರ ಹಳೆಯ ಹಾಡು ಶುರುಮಾಡಿದೆ. ಗುಂಡಿಯ ಕೀಚ್ ಅದರಲ್ಲಿ ಮುಳುಗಿಹೋಯಿತು. ಮೂಗಿನ ಮುಂದೆ ತೇಲುವ ಬಾತುಕೋಳಿಯ ಹೊಟ್ಟೆಯ ಅಂಕಿ ನಿಧಾನವಾಗಿ ಇಳಿಯುವುದನ್ನು ನೋಡುತ್ತಾ ಕೂತೆ.

ನಾನು ಎದ್ದು ಬಂದ ಮೇಲೆ ಭಾವ ಹೋದರು. ಒಳಗಿನಿಂದ ಗೊಣಗು ಕೇಳಿಸಿತು: "ಲೋ ಕೋಸಾಕು, ನನ್ನ ಬಿಸೀನೆಲ್ಲ ನೀನೇ ಕುಡಿದುಬಿಟ್ಟಿದೀಯಲ್ಲೋ!" ಆದರೆ ಮತ್ತೆ ಕಾಯಿಸಲಿಲ್ಲ. ನೆಂಟ ಎದ್ದ ನೀರಿಗೆ ಕಾವು ಕೊಟ್ಟರೆ ನೀನು ನೀರು ಕೆಡಿಸಿದೆ ಎಂದು ಮುಖಕ್ಕೆ ಹೇಳಿದಂತೆ. ಅಕ್ಕ ಅದನ್ನೂ ಲೆಕ್ಕ ಹಾಕಿದ್ದಳು. ಊಟಕ್ಕೆ ಕೂತಾಗ ಭಾವನ ಕೆನ್ನೆ ತಿಳಿಗೆಂಪಾಗಿತ್ತು, ಉಸಿರು ಸಲೀಸಾಗಿತ್ತು. ಅಕ್ಕ ನನ್ನ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕಿದಳು.

ಹೀಗೆ ಚಳಿಗಾಲ ಸಾಗಿತು. ಬಾಯ್ಲರಿನ ಸುದ್ದಿ ಬಂದಾಗಲೆಲ್ಲ ನಾನು ಹೊಸದೊಂದು ಕತೆ ಕಟ್ಟುತ್ತಿದ್ದೆ. ಬಿಡಿಭಾಗ ಓಸಾಕಾದಿಂದ ಬರಬೇಕು ಎಂದೆ. ಹಿಮದಲ್ಲಿ ಲಾರಿ ಸಿಕ್ಕಿಕೊಂಡಿದೆ ಎಂದೆ. ಬಂದದ್ದು ಬೇರೆ ಅಳತೆಯದು ಎಂದೆ. "ನಾನೇ ಬಂದು ನೋಡ್ತೀನಿ," ಎನ್ನುತ್ತಿದ್ದರು ಭಾವ. "ನೀವು ಈ ಚಳೀಲಿ ಬರೋದಾ! ಅಕ್ಕ ನನ್ನ ಚರ್ಮ ಸುಲೀತಾಳೆ," ಎನ್ನುತ್ತಿದ್ದೆ. ಅಷ್ಟು ಹೊತ್ತಿಗೆ ಸುಲಿಯಲು ಚರ್ಮ ಉಳಿದಿರಲಿಲ್ಲ ಎನ್ನುವುದು ಬೇರೆ ಮಾತು.

ಸೂರಿನ ಹಿಮ ಕರಗಿ ತೊಟ್ಟಿಕ್ಕತೊಡಗಿದ ಒಂದು ಮಧ್ಯಾಹ್ನ ನಾನು ಅಂಗಿಯ ತೋಳು ಮಡಚಿ ಪಾತ್ರೆ ತೊಳೆಯುತ್ತಿದ್ದೆ. ಹಿಂದಿನ ಬಾಗಿಲು ತೆರೆಯಿತು. ಭಾವ, ಕೈಯಲ್ಲಿ ದೋಣಿಯ ಕಾಲದ ಸಲಕರಣೆ ಪೆಟ್ಟಿಗೆ.

"ಓಸಾಕಾ ನೆಚ್ಚಿಕೊಂಡರೆ ನೀನು ನಮ್ಮನೇಲೇ ಮುದುಕ ಆಗ್ತೀಯ. ಎಲ್ಲಿ ತೋರ್ಸು, ಏನಾಗಿದೆ ನಿನ್ನ ಬಾ—"

ನಲ್ಲಿಯಿಂದ ಹಬೆಯಾಡುವ ನೀರು ಸುರಿಯುತ್ತಿತ್ತು. ನನ್ನ ಕನ್ನಡಕವೆಲ್ಲ ಮಂಜು. ಇದ್ದ ಒಂದೇ ಬಾಯ್ಲರ್ ಎರಡಕ್ಕೂ ನೀರು ಕೊಡುತ್ತದೆ, ಪಾತ್ರೆಗೂ ಸ್ನಾನಕ್ಕೂ, ಅವರಿಗೆ ಅದು ಗೊತ್ತು. ಭಾವ ಹತ್ತಿರ ಬಂದು ನೀರಿಗೆ ಬೆರಳು ಹಿಡಿದರು. ಆಮೇಲೆ ಮೆಲ್ಲಗೆ ನಲ್ಲಿ ತಿರುಗಿಸಿ ನಿಲ್ಲಿಸಿದರು. ಸಂಜೆಗೆಂದು ಕಿಟಕಿಯ ಬಳಿ ಇಟ್ಟಿದ್ದ ಟವೆಲ್ಲಿನಿಂದ ಬಾತುಕೋಳಿ ಕೊಕ್ಕು ಹೊರಹಾಕಿಕೊಂಡಿತ್ತು. ಅದನ್ನು ಎತ್ತಿ, ತಿರುಗಿಸಿ, ಹೊಟ್ಟೆಯ ಅಂಕಿಗಳನ್ನು ನೋಡಿದರು. ನಲವತ್ತೊಂದರ ಹತ್ತಿರ ಅಕ್ಕ ಉಗುರುಬಣ್ಣದಿಂದ ಕೆಂಪು ಗೆರೆ ಎಳೆದಿದ್ದಳು. ಅದನ್ನೂ ನೋಡಿದರು. ಇದ್ದಲ್ಲೇ ಇಟ್ಟು, ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದರು.

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಸಿಟ್ಟಿನಲ್ಲಿ ಮೊದಲ ನೀರಿಗೇ ಮರಳಿದರೆ? ಹಟಕ್ಕೆ ಬಿದ್ದು ನಲವತ್ತೈದು ಮಾಡಿಕೊಂಡರೆ? ಅಕ್ಕನಿಗೆ ಫೋನ್ ಮಾಡಿದೆ.

"ಗೊತ್ತಾಗೋಯ್ತು ಅಕ್ಕ. ಎಲ್ಲಾ."

"ದಿನಾ ಬರೋ ಹೊತ್ತಿಗೇ ಬಾ," ಎಂದಳು. "ಬರದೇ ಇದ್ರೆ ಒಪ್ಪಿಕೊಂಡ ಹಾಗೆ." ದನಿ ಗಟ್ಟಿಯಾಗಿಯೇ ಇತ್ತು. ಆದರೆ ಫೋನ್ ಇಡಲು ಅವಳಿಗೆ ಎರಡು ಸಲ ಬೇಕಾಯಿತು, ಸದ್ದು ಕೇಳಿಸಿತು.

ಸಂಜೆ ಹೋದಾಗ ಭಾವ ಕಾಲು ಬೆಚ್ಚಗಿಡುವ ಮೇಜಿನ ಮುಂದೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಅಕ್ಕ ಚಹಾ ಬಗ್ಗಿಸುತ್ತಿದ್ದಳು. ನಾನು ಟವೆಲ್ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಕಳ್ಳನ ಹಾಗೆ ನಿಂತೆ.

"ಸುಮಿಯೆ," ಎಂದರು ಭಾವ, ಕಿತ್ತಳೆಯಿಂದ ಕಣ್ಣೆತ್ತದೆ. "ಇವತ್ತು ಇವನ ಬಾಯ್ಲರ್ ನೋಡ್ಕೊಂಡು ಬಂದೆ."

ಚಹಾ ಬಗ್ಗಿಸುವುದು ನಿಂತಿತು.

"ಹೌದೇನ್ರೀ? ಏನಾಗಿದ್ಯಂತೆ?"

"ಎಂತೆಂಥಾ ಎಂಜಿನ್ನುಗಳನ್ನ ನಡುಸಮುದ್ರದಲ್ಲಿ ಎಬ್ಬಿಸಿದೀನಿ. ಇದು ಮಾತ್ರ ಏಳೋ ಜಾತಿ ಅಲ್ಲ. ಬೇಸಿಗೆ ಬಂದ್ರೂ ಏಳಲ್ಲ, ಮುಂದಿನ ಚಳಿಗೂ ಏಳಲ್ಲ." ಒಂದು ತೊಳೆ ಬಾಯಿಗೆ ಹಾಕಿಕೊಂಡು ಅಗಿದರು. "ಇವನು ಇರೋವರೆಗೂ ದಿನಾ ಇಲ್ಲಿಗೇ ಬರಬೇಕು. ಇಲ್ಲಾ, ನಾನು ಇರೋವರೆಗೂ."

ಅಕ್ಕನನ್ನು ನೋಡಿದೆ. ಕಣ್ಣಂಚು ಒದ್ದೆಯಾಗಿತ್ತು. ಆದರೂ ಆ ಪುಣ್ಯಾತ್ಗಿತ್ತಿ ಒಂದು ಕೂದಲೆಳೆಯಷ್ಟೂ ಅಳುಕಲಿಲ್ಲ. "ಅಯ್ಯೋ ಪಾಪ," ಎಂದಳು. "ಹೊಸ ಬಾಯ್ಲರ್ ಅಂದ್ರೆ ಈಗ ಏನು ಕಡಿಮೆನಾ? ಬರ್ಲಿ ಬಿಡಿ. ಕೋಸಾಕು, ನೀರು ಕಾದಿದೆ, ಹೋಗು."

ಹೋದೆ. ಮೈ ತೊಳೆದುಕೊಂಡು, ಟವೆಲ್ ಕಚ್ಚಿ, ನಲವತ್ತನಾಲ್ಕಕ್ಕೆ ಇಳಿದೆ. ನೀರು ತುಳುಕಿತು. ಎಂದಿನಂತೆ ಬಾಗಿಲಾಚೆ ಹೆಜ್ಜೆ ಸಪ್ಪಳ ಬಂತು. ಆದರೆ ಕೇಳಿದ ದನಿ ಅಕ್ಕನದಲ್ಲ.

"ನೀರಿನ ಹದ ಹೇಗಿದೆಯೋ?"

ಮನೆಯ ಯಜಮಾನ ಈ ಪ್ರಶ್ನೆ ಕೇಳಿದ್ದನ್ನು ನಾನು ಈ ವಯಸ್ಸಿಗೆ ಕೇಳಿದ್ದಿಲ್ಲ. ಬಾಯಿ ಮಾತ್ರ ರೂಢಿಯಂತೆ, "ಹದವಾಗಿದೆ ಭಾವ!" ಎಂದಿತು.

"ಮುಚ್ಚೋ ಬಾಯಿ. ಬಾಯ್ಲರ್ ವಿಷಯದಲ್ಲಿ ಹೇಳಿದ್ದು ಸಾಕು. ನೀರಿನ ವಿಷಯದಲ್ಲಾದ್ರೂ ನಿಜ ಹೇಳು."

"ಸುಡ್ತಿದೆ ಭಾವ," ಎಂದೆ. "ಇಡೀ ಚಳಿಗಾಲ ಸುಟ್ಟಿದೆ. ಚರ್ಮ ಎದ್ದುಹೋಗಿದೆ."

ಹೆಜ್ಜೆಗಳು ಅಡುಗೆಮನೆಗೆ ಹೋದವು. ಬಟ್ಟೆ ಎಳೆದ ಸದ್ದು. ಕೀಚ್. ಮದುಮಗಳ ದನಿ ಮನೆಗೆಲ್ಲ ಸಾರಿತು, ನಲವತ್ತಮೂರು ಡಿಗ್ರಿಗೆ ಬದಲಿಸಲಾಗಿದೆ.

"ಈಗ?"

"ಇನ್ನೂ ಸುಡ್ತಿದೆ!"

ಮತ್ತೆ ಕೀಚ್, ನಲವತ್ತೆರಡು. ಈ ಸಲ ಅವರು ನನ್ನನ್ನು ಕೇಳಲಿಲ್ಲ. ನಾನು ಉಸಿರು ಬಿಗಿಹಿಡಿದು ಕೂತೆ. ಅಡುಗೆಮನೆಯಲ್ಲಿ ಅಕ್ಕನೂ ಹಾಗೇ ನಿಂತಿರಬೇಕು. ಆಮೇಲೆ ಇನ್ನೊಂದು ಕೀಚ್ ಕೇಳಿಸಿತು.

ಸ್ನಾನದ ನೀರಿನ ಉಷ್ಣತೆಯನ್ನು ನಲವತ್ತೊಂದು ಡಿಗ್ರಿಗೆ ಬದಲಿಸಲಾಗಿದೆ.

"ಈಗ ಹೇಗಿದೆ?"

ಗುಂಡಿ ಒತ್ತಿದ ಮಾತ್ರಕ್ಕೆ ತುಂಬಿದ ತೊಟ್ಟಿ ಆ ಗಳಿಗೆಯೇ ಆರುವುದಿಲ್ಲ. ಎಂಜಿನ್ ಕಾದವರಿಗೆ ಅದನ್ನು ನಾನು ಹೇಳಿಕೊಡಬೇಕೇ? ನನ್ನ ಕತ್ತಿನ ಸುತ್ತ ನೀರು ಇನ್ನೂ ಕೆಂಡವಾಗಿಯೇ ಇತ್ತು.

"ಈಗ ಹದವಾಗಿದೆ ಭಾವ," ಎಂದೆ. ಆ ಚಳಿಗಾಲದಲ್ಲಿ ಆ ತೊಟ್ಟಿಯಿಂದ ನಾನು ಹೇಳಿದ 'ಹದವಾಗಿದೆ'ಗಳಲ್ಲಿ ನಿಜವಾದದ್ದು ಅದೊಂದೇ.

"ಹಂಗಾದ್ರೆ ಅಲ್ಲೇ ಇರ್ಲಿ. ನೆಂಟರು ಬರೋ ಮನೆ," ಎಂದರು ಭಾವ. ಎರಡು ಹೆಜ್ಜೆ ಹೋದವರು ಮತ್ತೆ ಬಾಗಿಲಿಗೆ ಬಂದರು. "ಲೋ ಕೋಸಾಕು, ಬರುವಾಗ ಆ ಬಾತುಕೋಳೀನ ತೊಟ್ಟೀಲೇ ಬಿಟ್ಟು ಬಾ. ನನಗೂ ಬೇಕು."